ರಿಬ್ಬನ್ ಕತ್ತರಿಸುವ ಮೊದಲೇ ಒಳಗೆ ಬಂದ ಹುಡುಗಿಯರ ಪರವಾಗಿ

ಸ್ನಾತಕೋತ್ತರ ಕೇಂದ್ರದ ಆಡಳಿತಾಧಿಕಾರಿಗಳಿಗೆ,

ಮಾನ್ಯರೇ,

ಹೀಗೆ ಕರೆಯುವಾಗ ನಾಲಿಗೆ ಸ್ವಲ್ಪ ತಡವರಿಸುತ್ತಿದೆ. ಹೋದ ಸೋಮವಾರ ತಾವು ನಮ್ಮನ್ನು ಕರೆದ ಹೆಸರು 'ಅತಿಕ್ರಮಣಕಾರರು'. ಆದರೂ ಪತ್ರ ಬರೆಯುವ ಇಬ್ಬರಲ್ಲಿ ಒಬ್ಬರಾದರೂ ಮರ್ಯಾದೆ ಉಳಿಸಿಕೊಳ್ಳಲಿ ಎಂದು ಮಾನ್ಯರೇ ಎಂದೇ ಶುರುಮಾಡಿದ್ದೇನೆ.

ನನ್ನ ದೂರು ಇಷ್ಟು. ಮಹಿಳಾ ವಿದ್ಯಾರ್ಥಿನಿಲಯದ ಬಾಗಿಲಿಗೆ ತಾವು ಒಂದು ಸೂಚನೆ ಅಂಟಿಸಿದ್ದೀರಿ. ಆ ಕಟ್ಟಡದಲ್ಲಿ ಕೆಲವು ವಿದ್ಯಾರ್ಥಿನಿಯರು ಅನಧಿಕೃತವಾಗಿ ವಾಸವಾಗಿರುವುದು 'ಕಂಡುಬಂದಿರುತ್ತದೆ' ಎಂದೂ, ಅವರು ತಕ್ಷಣ ಖಾಲಿ ಮಾಡತಕ್ಕದ್ದೆಂದೂ ಅದರಲ್ಲಿದೆ. ಕಟ್ಟಡ ಮಹಿಳೆಯರದು. ನಾವು ಮಹಿಳೆಯರು. ನಿಲಯ ವಿದ್ಯಾರ್ಥಿನಿಯರದು. ನಾವು ಇದೇ ಕೇಂದ್ರದ ವಿದ್ಯಾರ್ಥಿನಿಯರು. ಇದರಲ್ಲಿ ಅನಧಿಕೃತವಾದದ್ದು ಯಾವುದು, ನಾವೋ, ಮಂಚಗಳೋ? ಸೂಚನೆ ಅಂಟಿಸಿದ ಮಧ್ಯಾಹ್ನದಿಂದ ನಮ್ಮ ನಲ್ಲಿಯಲ್ಲಿ ನೀರಿಲ್ಲ. ಮೋಟರಿನ ಗುಂಡಿ ತಮ್ಮ ಕೊಠಡಿಯ ಹಿಂದಿನ ಪಡಸಾಲೆಯಲ್ಲಿದೆ. ಅದು ತಾನಾಗಿಯೇ ಬೇಸರಗೊಂಡು ಬಂದ್ ಆಯಿತೆಂದು ನಂಬುವಷ್ಟು ಸೌಜನ್ಯ ನನಗಿಲ್ಲ. ಕಚೇರಿಗೆ ಕೊಟ್ಟ ಅರ್ಜಿಗಳೆಲ್ಲ 'ಪರಿಶೀಲನೆಯಲ್ಲಿವೆ'. ಅವು ಅಲ್ಲಿಯೇ ಸುಖವಾಗಿರಲಿ. ಈ ಪತ್ರವನ್ನು ಊರೆಲ್ಲ ಪರಿಶೀಲಿಸಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಯಾರೆಂದು ಓದುಗರಿಗೆ ಹೇಳಬೇಕು, ತಮಗೆ ಗೊತ್ತೇ ಇದೆ. ಮುನವಳ್ಳಿಯವಳು, ಅರ್ಥಶಾಸ್ತ್ರದ ಎರಡನೆಯ ವರ್ಷ. ಬೈಲಹೊಂಗಲದಲ್ಲಿ ಅಜ್ಜಿಯ ತಂಗಿ ಸುಂದರಾಬಾಯಿಯವರ ಮನೆಯಲ್ಲಿದ್ದು ಓದುತ್ತಿದ್ದವಳು. ಈ ವರ್ಷದ ಪ್ರವೇಶ ಮುಗಿದಾಗ ತಾವೇ ನನ್ನನ್ನು ಕರೆಸಿ 'ಸ್ನೇಹಸೇತು ಸಂಚಾಲಕಿ' ಎಂದು ನೇಮಿಸಿ ಎದೆಗೆ ಬಿಲ್ಲೆ ಚುಚ್ಚಿದಿರಿ. ಹೊಸದಾಗಿ ಬಂದವರು ಇಲ್ಲಿ ಹೊಂದಿಕೊಳ್ಳಲು ನೆರವಾಗುವುದು ನನ್ನ ಕೆಲಸ. ಗ್ರಂಥಾಲಯ ಎಲ್ಲಿದೆ, ಕ್ಯಾಂಟೀನಿನಲ್ಲಿ ಯಾವುದನ್ನು ತಿನ್ನಬಾರದು, ಯಾವ ಗುಮಾಸ್ತರು ಊಟಕ್ಕೆ ಮೊದಲು ಸಿಟ್ಟಿನಲ್ಲಿರುತ್ತಾರೆ, ಯಾರು ಊಟದ ನಂತರ ನಿದ್ದೆಯಲ್ಲಿರುತ್ತಾರೆ, ಇವೆಲ್ಲ ಹೇಳಿಕೊಡುವುದು. ನಾನು ನಿಷ್ಠೆಯಿಂದ ಮಾಡಿದೆ. ಸ್ವಾಗತ ಸಪ್ತಾಹದ ಮೊದಲ ದಿನ ತಾವು ವೇದಿಕೆಯಿಂದ, "ಇದು ಕೇವಲ ಕೇಂದ್ರವಲ್ಲ, ಇದು ನಿಮ್ಮ ಮನೆ," ಎಂದಿರಿ. ನಾವು ಹಳಬರು ಕೈ ಚಪ್ಪಾಳೆಗೆ ಕೊಟ್ಟು ಮನಸ್ಸನ್ನು ಬಸ್ಸಿನ ವೇಳೆಗೆ ಕೊಟ್ಟಿದ್ದೆವು. ಆದರೆ ಎರಡನೆಯ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹುಡುಗಿ ತಮ್ಮ ಮಾತನ್ನು ನಂಬಿಬಿಟ್ಟಳು. ಮುಂದಿನದಕ್ಕೆಲ್ಲ ಅದೇ ಮೂಲ.

ಅವಳ ಹೆಸರು ಮೀನಾ. ಕೋಟೆಯ ಊರು ತೊರಗಲ್ಲಿನವಳು, ರಸಾಯನಶಾಸ್ತ್ರದ ಎಂ.ಎಸ್ಸಿ.ಗೆ ಸೇರಿದವಳು. ತಂದೆ ನಿಜಗುಣಪ್ಪನವರಿಗೆ ಊರಲ್ಲಿ ಹೊಲ, ರಾಮದುರ್ಗದಲ್ಲಿ ಬೀಜ-ಗೊಬ್ಬರದ ಅಂಗಡಿ. ಪದವಿ ಮುಗಿದ ಮೇಲೆ ಮಗಳು ಮನೆಯಲ್ಲಿರಲಿ ಎಂಬುದು ಅವರ ಇಚ್ಛೆ, ಮುಂದೆ ಓದಬೇಕೆಂಬುದು ಅವಳ ಇಚ್ಛೆ. ಒಂದು ಇಡೀ ಬೇಸಿಗೆ ಇಬ್ಬರೂ ಎದುರು ಕುಳಿತು ಉಣ್ಣಲಿಲ್ಲವಂತೆ. ಕೊನೆಗೆ ಒಂದು ರಾಜಿ ಆಯಿತು: ಕೇಂದ್ರದಲ್ಲಿ ಹೆಣ್ಣುಮಕ್ಕಳ ವಸತಿಗೃಹ ಇದ್ದರೆ ಕಳುಹಿಸುವುದು, ಇಲ್ಲದಿದ್ದರೆ ಇಲ್ಲ. ತಮ್ಮ ಮಾಹಿತಿ ಪುಸ್ತಿಕೆಯಲ್ಲಿ ವಸತಿಗೃಹದ ಬಣ್ಣದ ಚಿತ್ರವೇ ಇತ್ತು. ಹಿಂದೆ ನೀಲಿ ಆಕಾಶ, ಮುಂದೆ ಗುಲಾಬಿ ಗಿಡ. ಮೀನಾ ಅದನ್ನು ತಂದೆಯ ಮುಂದೆ ಹಿಡಿದಳು. ನಿಜಗುಣಪ್ಪನವರು ವ್ಯಾಪಾರಸ್ಥರು, ಆಡಿದ ಮಾತಿಗೆ ತಪ್ಪಲಿಲ್ಲ.

ಸಪ್ತಾಹದ ಕೊನೆಯ ದಿನ ಅವರು ಟ್ರಂಕು, ಸುರುಳಿ ಹಾಸಿಗೆ, ರೊಟ್ಟಿಯ ಗಂಟು ಎಲ್ಲ ಟೆಂಪೋದಲ್ಲಿ ಹೇರಿಕೊಂಡು ಬಂದರು. ದಾರಿ ತೋರಿಸುವವಳು ನಾನೇ. ಕಟ್ಟಡ ಚಿತ್ರದಲ್ಲಿದ್ದಂತೆಯೇ ಇತ್ತು, ಗುಲಾಬಿ ಗಿಡ ಮಾತ್ರ ಇರಲಿಲ್ಲ. ಬಾಗಿಲಿಗೆ ದೊಡ್ಡ ಕೀಲಿ ಜಡಿದಿತ್ತು. ಕಾವಲುಗಾರ ಗುರುನಾಥ ಕಾಕಾ ಬೇವಿನ ನೆರಳಿನಿಂದ ಎದ್ದು ಬಂದರು.

"ಒಳಗ ಬಿಡಾಕ ಬರೂದಿಲ್ರಿ. ಉದ್ಘಾಟನಿ ಆಗಿಲ್ಲ."

"ಯಾವಾಗ ಆಗತೈತಿ?" ನಿಜಗುಣಪ್ಪನವರು ಕೇಳಿದರು.

"ತಾರೀಖ ಗೊತ್ತ ಆಗಿಲ್ರಿ. ದೊಡ್ಡ ಸಾಹೇಬರ ತಾರೀಖ ಸಿಗಬೇಕು."

"ಯಾವ ದೊಡ್ಡ ಸಾಹೇಬ್ರು?"

"ಅದೂ ಗೊತ್ತ ಆಗಿಲ್ರಿ."

ನಿಜಗುಣಪ್ಪನವರು ಕೀಲಿಯನ್ನು ಒಮ್ಮೆ ಕೈಯಲ್ಲಿ ತೂಗಿ ನೋಡಿದರು. "ಕಟ್ಟಿ ಎಷ್ಟ ದಿನಾ ಆತು?" ಎಂದರು. ಕಾಕಾ ತಲೆ ಕೆರೆದುಕೊಂಡು, "ನಾ ಇಲ್ಲಿ ಕೆಲಸಕ್ಕ ಬರೂಕಿಂತ ಮೊದಲ ಕಟ್ಟ್ಯಾರ್ರಿ," ಎಂದರು.

ಸ್ನೇಹಸೇತು ಬಿಲ್ಲೆ ಚುಚ್ಚಿಕೊಂಡು ನಾನು ಪಕ್ಕದಲ್ಲಿ ನಿಂತಿದ್ದೆ. ಮಾನ್ಯರೇ, ಆ ಹೊತ್ತಿನಲ್ಲಿ ಒಬ್ಬ ತಂದೆಗೆ ಏನು ಹೇಳಬೇಕೆಂದು ತಮ್ಮ ಮಾರ್ಗದರ್ಶಿ ಸೂಚನೆಗಳಲ್ಲಿ ಇರಲಿಲ್ಲ. ನಿಜಗುಣಪ್ಪನವರು ಟೆಂಪೋದ ಕಡೆ ತಿರುಗಿ, "ಟ್ರಂಕ್ ಇಳಸೂದ ಬ್ಯಾಡ. ನಡಿ ಮಗಳ," ಎಂದರು. ಮೀನಾ ಅಲುಗಲಿಲ್ಲ. "ಟ್ರಂಕ್ ಒಯ್ಯಿ ಅಪ್ಪಾ. ನಾ ದಿನಾ ಬಸ್ಸಿಗೆ ಬಂದ ಹೋಗತೇನಿ," ಎಂದಳು. ಬಿಸಿಲಲ್ಲಿ ನಿಂತು ಇಬ್ಬರೂ ಹೊಸದಾಗಿ ಚೌಕಾಸಿ ಮಾಡಿದರು. ದಸರಾತನಕ ಎಂದು ತೀರ್ಮಾನವಾಯಿತು. ಅಷ್ಟರಲ್ಲಿ ಬಾಗಿಲು ತೆರೆದರೆ ಓದು, ಇಲ್ಲದಿದ್ದರೆ ಮನೆ.

ತೊರಗಲ್ಲಿನಿಂದ ಇಲ್ಲಿಗೆ ದಿನಾ ಬಂದುಹೋಗುವುದು ಎಂದರೆ ಏನೆಂದು, ಸರಕಾರಿ ವಾಹನದ ಹಿಂದಿನ ಸೀಟಿನಲ್ಲಿ ಕೂರುವ ತಮಗೆ ಸ್ಥೂಲವಾಗಿ ಹೇಳುತ್ತೇನೆ. ಕತ್ತಲಿರುವಾಗಲೇ ಏಳಬೇಕು. ರಾಮದುರ್ಗದಲ್ಲೊಮ್ಮೆ, ಸವದತ್ತಿಯಲ್ಲೊಮ್ಮೆ, ಬೈಲಹೊಂಗಲದಲ್ಲೊಮ್ಮೆ ಇಳಿದು ಹತ್ತಬೇಕು. ಯಲ್ಲಮ್ಮನ ಗುಡ್ಡಕ್ಕೆ ಹೋಗುವವರ ದಟ್ಟಣೆ ಇದ್ದ ದಿನ ಬಾಗಿಲಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಮಧ್ಯಾಹ್ನದ ಪ್ರಯೋಗಾಲಯ ಅರ್ಧಕ್ಕೆ ಬಂದಾಗ, ಕಾಯಿಸಿದ ದ್ರಾವಣ ಆರುವ ಮೊದಲೇ, ಕೊನೆಯ ಬಸ್ಸಿಗೆಂದು ಓಡಬೇಕು. ಅವಳ ಪ್ರಯೋಗಗಳೆಲ್ಲ ಅಪೂರ್ಣ ಎಂದು ಅಧ್ಯಾಪಕರು ಬರೆದರು. ಪಾಪ, ಅವರೂ ಕಂಡದ್ದನ್ನೇ ಬರೆದರು. ಒಂದು ಸಂಜೆ ಸವದತ್ತಿಯಲ್ಲಿ ಬಸ್ಸು ತಪ್ಪಿತು. ತಂದೆ ಮೋಟಾರ್‌ಸೈಕಲ್ ತೆಗೆದುಕೊಂಡು ಬರುವವರೆಗೆ ಅವಳು ನಿಲ್ದಾಣದಲ್ಲಿ ಹೂವು ಮಾರುವ ಹೆಂಗಸಿನ ಪಕ್ಕ ಕುಳಿತಿದ್ದಳು. "ದಾರಿಯುದ್ದಕ್ಕೂ ಅಪ್ಪ ಒಂದ ಮಾತ ಆಡಲಿಲ್ಲ ಅಕ್ಕಾ. ಬೈದಿದ್ರ ಚೊಲೊ ಇತ್ತು," ಎಂದು ಮರುದಿನ ನನಗೆ ಹೇಳಿದಳು.

ನಾನು ಬೈಲಹೊಂಗಲದಲ್ಲಿ ಕೋಣೆ ಹುಡುಕಿದೆ. ಒಬ್ಬರು ನಮ್ಮ ಕುಲ ಕೇಳಿದರು, ಒಬ್ಬರು ಫೋನಿನಲ್ಲಿ ಎಷ್ಟು ಹೊತ್ತು ಮಾತಾಡುತ್ತೀರಿ ಎಂದು ಕೇಳಿದರು. ಇನ್ನೊಬ್ಬರು, "ಹುಡುಗ್ಯಾರಿಗಂದ್ರ ಕೊಡೂದಿಲ್ಲವಾ, ಜವಾಬ್ದಾರಿ," ಎಂದು ಅದೇ ಕೋಣೆಯನ್ನು ಒಂದು ಗಳಿಗೆಯ ನಂತರ ನಮ್ಮದೇ ಕೇಂದ್ರದ ಮೂವರು ಹುಡುಗರಿಗೆ ಕೊಟ್ಟರು. ಸುಂದರಾಬಾಯಿಯವರ ಮನೆಯಲ್ಲಿ ಇನ್ನೊಂದು ಚಾಪೆ ಹಾಸುವಷ್ಟು ಜಾಗವಿರಲಿಲ್ಲ, ಅವರ ಮಡಿಯಲ್ಲಂತೂ ಹೊರಗಿನವಳಿಗೆ ಮೊದಲೇ ಜಾಗವಿರಲಿಲ್ಲ.

ಇಂಥ ಹೊತ್ತಿಗೆ ಸರಿಯಾಗಿ ತಾವು 'ವೃತ್ತಿಪರ ಮಹಿಳೆಯರಿಗಾಗಿ ಸಂಧಾನ ಕೌಶಲ್ಯ' ಎಂಬ ಕಾರ್ಯಾಗಾರ ಏರ್ಪಡಿಸಿದಿರಿ. ವೇದಿಕೆಯ ಮೇಲೆ ಕುರ್ಚಿಗಳೆಲ್ಲ ಗಂಡಸರಿಂದ ತುಂಬಿದ್ದವು. ತರಬೇತಿ ಕೊಡಲು ಬಂದಿದ್ದ ಒಬ್ಬಳೇ ಹೆಂಗಸಿಗೆ ಕೊನೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹುಡುಕಿ ತಂದದ್ದು ನಾನೇ. ಆ ತಾಯಿಯ ಬಗ್ಗೆ ನನ್ನ ತಕರಾರಿಲ್ಲ. ಚೆನ್ನಾಗಿ ಕಲಿಸಿದರು. ಬೇಕಾದದ್ದನ್ನು ಒಂದೇ ವಾಕ್ಯದಲ್ಲಿ ಹೇಳಿ. ಹೇಳಿದ ಮೇಲೆ ಸುಮ್ಮನಿರಿ, ಮೌನವನ್ನು ಎದುರಿನವರು ತುಂಬಲಿ. ಎದುರಿನವರಿಗೆ ಏನು ಬೇಕಾಗಿದೆ ಎಂದು ತಿಳಿದುಕೊಳ್ಳಿ. 'ಇಲ್ಲ' ಎಂದರೆ ಏನು ಮಾಡುತ್ತೀರೆಂದು ಮೊದಲೇ ಯೋಚಿಸಿಕೊಂಡು ಹೋಗಿ. ಕೆಲಸ ಆಗುವ ಮೊದಲು ಧನ್ಯವಾದ ಹೇಳಬೇಡಿ. ನಮ್ಮನ್ನು ಜೋಡಿ ಜೋಡಿಯಾಗಿ ಕೂರಿಸಿ ಅಭ್ಯಾಸ ಮಾಡಿಸಿದರು. ಮೀನಾ ಎದ್ದು, "ಸರ್, ತಪ್ಪ ತಿಳಕೋಬ್ಯಾಡ್ರಿ..." ಎಂದು ಶುರುಮಾಡಿದಾಗ ಅವರು ತಡೆದರು: "ತಪ್ಪ ತಿಳಕೊಳ್ಳೂವಂಥಾದ್ದು ಏನ್ ಕೇಳ್ತಿ ನೀ?" ಮೀನಾ ಬಹಳ ಹೊತ್ತು ಯೋಚಿಸಿ, "ಏನೂ ಇಲ್ರಿ," ಎಂದಳು. ಎಲ್ಲರೂ ನಕ್ಕೆವು. ಅವಳು ನಗಲಿಲ್ಲ, ಬರೆದುಕೊಂಡಳು.

ಸಮಾರೋಪಕ್ಕೆ ತಾವು ಬಂದಿರಿ. ನಮ್ಮ ಸೀಮೆಯಲ್ಲಿ ಹೆಣ್ಣುಮಕ್ಕಳ ಕಾರ್ಯಕ್ರಮ ಊಟವಿಲ್ಲದೆ ನಡೆದೀತು, ಕಿತ್ತೂರಿನ ರಾಣಿಯ ಹೆಸರಿಲ್ಲದೆ ನಡೆಯದು. ತಾವು ರಾಣಿಯನ್ನು ಕುದುರೆಯ ಮೇಲೆ ಹತ್ತಿಸಿ, ಕೋಟೆಯ ತುಂಬ ಓಡಾಡಿಸಿ, ಕೊನೆಗೆ ನಮ್ಮತ್ತ ತಿರುಗಿ, "ಹೆಣ್ಣುಮಕ್ಕಳು ಧೈರ್ಯದಿಂದ ಕೇಳುವುದನ್ನು ಕಲಿಯಬೇಕು. ಕೇಳದಿದ್ದರೆ ಕೊಡುವವರಾದರೂ ಹೇಗೆ ಕೊಟ್ಟಾರು?" ಎಂದಿರಿ. ಅಂದಿನ ಚಪ್ಪಾಳೆ ನಿಜವಾದದ್ದು. ತಪ್ಪು ನಮ್ಮದೇ. ಭಾಷಣವನ್ನು ನಾವು ಆಮಂತ್ರಣವೆಂದು ತಿಳಿದೆವು.

ಮರುವಾರ ನಾನು, ಮೀನಾ, ಮುರಗೋಡದ ಐಶ್ವರ್ಯಾ ಮೂವರೂ ತಮ್ಮ ಕೊಠಡಿಗೆ ಬಂದೆವು. ಐಶ್ವರ್ಯಾ ವಾಣಿಜ್ಯಶಾಸ್ತ್ರದವಳು. ಅವಳ ಬಾಯಿಗೆ ಬಾಗಿಲಿದೆ, ಅಗುಳಿಯಿಲ್ಲ. ನಮ್ಮ ಹಿಂದೆಯೇ ಸಹಿ ಹಾಕಿಸಿಕೊಳ್ಳಲು ಅನಿಕೇತ ಎಂಬ ಸಹಪಾಠಿ ನಿಂತಿದ್ದ. ಮೀನಾ ಮುಂದೆ ಬಂದು ಒಂದೇ ವಾಕ್ಯದಲ್ಲಿ ಹೇಳಿದಳು: "ಸರ್, ದಸರಾಕ್ಕಿಂತ ಮೊದಲ ಹಾಸ್ಟೆಲ್ ತೆಗೀಬೇಕ್ರಿ." ತಾವು ತಲೆಯೆತ್ತಿ ಅನಿಕೇತನನ್ನು ನೋಡಿದಿರಿ.

"ನೋಡಪಾ, ಉದ್ಘಾಟನಾ ಆಗದ ಕಟ್ಟಡ ಅದು. ಹಂಗ ತೆಗಿಯಾಕ ಬರೂದಿಲ್ಲ."

"ಸರ್, ಕೇಳಾಕತ್ತಾಕಿ ಮೀನಾ ರಿ," ಎಂದಳು ಐಶ್ವರ್ಯಾ.

"ಗೊತ್ತೈತಿ. ಇವರಿಗೊಂದಿಷ್ಟ ತಿಳಿಸಿ ಹೇಳಪಾ ನೀ," ಎಂದು ತಾವು ಮತ್ತೆ ಅವನಿಗೇ ಹೇಳಿದಿರಿ.

ಅನಿಕೇತ ಕೈಯಲ್ಲಿದ್ದ ಕಾಗದವನ್ನು ಎದೆಗೆ ಒತ್ತಿಕೊಂಡು, "ಸರ್, ನಾ ಬೋನಾಫೈಡ್ ಸಹಿಗೆ ಬಂದೇನ್ರಿ. ಆ ಹಾಸ್ಟೆಲ್ ತಗದ್ರೂ ನನ್ನ ಒಳಗ ಬಿಡೂದಿಲ್ಲ," ಎಂದ.

ಮೀನಾ ಸುಮ್ಮನೆ ನಿಂತಿದ್ದಳು. ಕಲಿಸಿದ್ದನ್ನು ಅಕ್ಷರಶಃ ಪಾಲಿಸುತ್ತಿದ್ದಳು. ಫ್ಯಾನು ತಿರುಗುತ್ತಿತ್ತು. ತಾವು ಪೇಪರ್‌ವೇಟನ್ನು ಎಡದಿಂದ ಬಲಕ್ಕೆ ಇಟ್ಟಿರಿ, ಬಲದಿಂದ ಎಡಕ್ಕೆ ಇಟ್ಟಿರಿ. "ವಿಚಾರ ಮಾಡೂಣಂತ," ಎಂದಿರಿ. ಅವಳು ಅಲುಗಲಿಲ್ಲ. "ಮತ್ತೇನು?" ಎಂದಿರಿ, ಮೊದಲ ಬಾರಿಗೆ ಅವಳನ್ನೇ ನೋಡಿ.

"ತಾರೀಖ ಹೇಳ್ರಿ ಸರ್."

"ದಸರಾ ಆದ ಮ್ಯಾಲೆ ನೋಡೂಣು."

"ದಸರಾ ಆದ ಮ್ಯಾಲೆ ನಾ ಇಲ್ಲಿ ಇರೂದಿಲ್ರಿ."

"ಹಂಗಾರ ನಿನ್ನ ಸಮಸ್ಯಾ ಮುಗೀತಲ್ಲವಾ!"

ತಾವು ನಕ್ಕಿರಿ. ಹಾಸ್ಯಕ್ಕೆ ಹೇಳಿರಬಹುದು. ಒಬ್ಬ ಹುಡುಗಿಯ ಓದು ನಿಂತುಹೋಗುವುದನ್ನು ಒಂದು ಕಡತ ವಿಲೇವಾರಿಯಾದಂತೆ ನೋಡಲು ಎಷ್ಟು ವರ್ಷದ ಸೇವಾನುಭವ ಬೇಕಾಗುತ್ತದೆ, ಮಾನ್ಯರೇ? ಹೊರಗೆ ಬಂದ ಮೀನಾ ನಲ್ಲಿಯ ಕೆಳಗೆ ಮುಖ ತೊಳೆದುಕೊಂಡಳು. ಅತ್ತಳೋ ಇಲ್ಲವೋ ಗೊತ್ತಾಗಲಿಲ್ಲ. ನೀರು ಒರೆಸಿಕೊಳ್ಳುತ್ತ, "ಸುಚೇತಾ ಅಕ್ಕಾ, ಬರೂವಾಗ ನಾ 'ಥ್ಯಾಂಕ್ಯೂ ಸರ್' ಅಂದು ಬಂದೆ ನೋಡ್ರಿ," ಎಂದಳು. ಅದೊಂದೇ ಅವಳಿಗೆ ಸಹಿಸಲಾಗದ ಸಂಗತಿಯಾಗಿತ್ತು.

ಎರಡು ದಿನದಲ್ಲಿ ಫಲಕದ ಮೇಲೆ ಒಂದು ಸೂಚನೆ ಬಂತು: ವಿದ್ಯಾರ್ಥಿನಿಯರು ಪೂರ್ವಾನುಮತಿಯಿಲ್ಲದೆ ಗುಂಪಾಗಿ ಆಡಳಿತ ಕೊಠಡಿಗೆ ಬರುವುದು ಅಶಿಸ್ತು. ಅದರ ಪಕ್ಕದಲ್ಲೇ ಕಾರ್ಯಾಗಾರದ ಫೋಟೋ ಇತ್ತು, 'ಧ್ವನಿಯೆತ್ತಿದ ಮಹಿಳೆಯರು' ಎಂಬ ಅಡಿಬರಹದೊಂದಿಗೆ. ಎರಡನ್ನೂ ಒಂದೇ ಗುಂಡುಪಿನ್ನಿನಿಂದ ಚುಚ್ಚಿದ್ದರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ದಸರಾ ಬರುತ್ತಿತ್ತು, ಮೀನಾ ಹೋಗುತ್ತಿದ್ದಳು, ತಮ್ಮ ಸಮಸ್ಯೆ ತೀರುತ್ತಿತ್ತು. ಆದರೆ ದಸರಾಕ್ಕಿಂತ ಮೊದಲು ಕೇಂದ್ರಕ್ಕೆ ದರ್ಜೆ ಕೊಡುವ ಮೌಲ್ಯಮಾಪನ ಸಮಿತಿ ಬಂತು. ಸಮಿತಿ ಬರುತ್ತದೆಂಬ ಸುದ್ದಿಗೇ ಕೇಂದ್ರಕ್ಕೆ ಜೀವ ಬಂತು. ಗೋಡೆಗಳಿಗೆ ಬಣ್ಣ, ಗ್ರಂಥಾಲಯಕ್ಕೆ ಫಿನಾಯಿಲು, ಕ್ಯಾಂಟೀನಿಗೆ ಟೇಬಲ್ ಬಟ್ಟೆ, ವಸತಿಗೃಹದ ಮುಂದೆ ಬಾಡಿಗೆಯ ಗುಲಾಬಿ ಕುಂಡಗಳು. ಆಗ ತಾವು ನನ್ನನ್ನು ಕರೆಸಿದಿರಿ. ಕುರ್ಚಿ ತೋರಿಸಿದಿರಿ. ಚಹಾ ತರಿಸಿದಿರಿ. ಅಂದು ತಮ್ಮ ಬಾಯಲ್ಲಿ ನನಗೆ 'ರಿ' ಹತ್ತಿತು.

"ಸುಚೇತಾ, ನಿಮ್ಮ ಸ್ನೇಹಸೇತುವಿನಿಂದ ಒಂದಿಷ್ಟ ಹುಡುಗ್ಯಾರನ್ನ ಕರಕೊಂಡ ಬರ್ರಿ. ಹಾಸ್ಟೆಲ್ ರೂಮಿನ್ಯಾಗ ಪುಸ್ತಕಾ ಹಿಡಕೊಂಡ ಕುಂತ್ರ ಸಾಕು. ಒಂದ ದಿವಸದ ಮಾತು."

ಕಾರ್ಯಾಗಾರದಲ್ಲಿ ಹೇಳಿದ್ದು ನೆನಪಾಯಿತು: ಎದುರಿನವರಿಗೆ ಏನು ಬೇಕಾಗಿದೆ ಎಂದು ತಿಳಿದುಕೊಳ್ಳಿ. ಇಲ್ಲಿ ಎದುರಿನವರೇ ಚಹಾ ಕೊಟ್ಟು ಹೇಳುತ್ತಿದ್ದರು. ನಾನು ಕೇಳಿದೆ, "ಹಾಸಿಗಿ ಯಾರ ಕೊಡ್ತಾರ್ರಿ?"

"ಅವರವರ ಮನಿಯಿಂದ ತರಲಿ. ಟ್ರಂಕು, ಬಟ್ಟಿಬರಿ ಎಲ್ಲಾ ತಂದ್ರ ಇನ್ನೂ ಚೊಲೊ. ಸಹಜ ಕಾಣತೈತಿ."

"ನೋಡ್ತೇನ್ರಿ," ಎಂದೆ. ಧನ್ಯವಾದ ಹೇಳಲಿಲ್ಲ.

ಹುಡುಗಿಯರನ್ನು ಬೇವಿನ ಗಿಡದ ಕೆಳಗೆ ಸೇರಿಸಿ ವಿಷಯ ತಿಳಿಸಿದೆ. ಐಶ್ವರ್ಯಾ ಕೆಂಡವಾದಳು. "ನಾವೇನ ನಾಟಕದ ಪಾರ್ಟ ಮಾಡವರೇನು? ಒಬ್ರೂ ಹೋಗೂದ ಬ್ಯಾಡ. ಸಮಿತಿಯವರು ಖಾಲಿ ಮಂಚಾ ನೋಡಲಿ," ಎಂದಳು. ಕೆಲವರು ಹೌದೆಂದರು. ನನಗೂ ಹಾಗೇ ಅನ್ನಿಸಿತ್ತು. ಅಲ್ಲಿಯವರೆಗೆ ಗೋಣು ಬಗ್ಗಿಸಿ ಕುಳಿತಿದ್ದ ಮೀನಾ ಮೆಲ್ಲಗೆ, "ಇಲ್ಲಂದ್ರ ಮತ್ತ ಕೀಲಿ ಬೀಳತೈತಿ. ಹೂಂ ಅನ್ನೂಣು. ಹಾಸಿಗಿ ತುಗೊಂಡ ಒಳಗ ಹೋಗೂಣು. ಹೊಳ್ಳಿ ಬರೂದ ಬ್ಯಾಡ," ಎಂದಳು. ಐಶ್ವರ್ಯಾ ಅವಳನ್ನೇ ನೋಡಿ, "ಅಬಾಬಾ, ತೊರಗಲ್ಲ ಕ್ವಾಟಿಯಾಗ ಹುಟ್ಟಿದಾಕಿ ಖರೇನ," ಎಂದಳು.

ತಂದೆಗೆ ಸುಳ್ಳು ಹೇಳಲು ಮೀನಾ ಒಪ್ಪಲಿಲ್ಲ. ನನ್ನೆದುರಿಗೇ ಫೋನು ಮಾಡಿ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಆ ಕಡೆಯಿಂದ ನಿಜಗುಣಪ್ಪನವರ ಧ್ವನಿ ನನಗೂ ಕೇಳಿಸಿತು: "ಒಳಗ ಹೋಗಿ ಕುಂತಾಂವನ್ನ ಎಬ್ಬಸೂದು ಭಾಳ ತ್ರಾಸ ಐತಿ ಮಗಳ. ನನ್ನ ಗೋಡೌನಿನ್ಯಾಗ ಒಬ್ಬಾಂವ ಹಂಗ ಕುಂತಾನ, ಇನ್ನೂ ಎದ್ದಿಲ್ಲ. ಟ್ರಂಕ್ ತರತೇನಿ."

ಸಮಿತಿಯ ದಿನ ನಮ್ಮ ನಿಷ್ಠೆಯನ್ನು ಕಂಡು ತಮಗೆ ಕಣ್ಣು ತುಂಬಿರಬೇಕು. ನಾವು ಟ್ರಂಕು ತಂದೆವು, ಹಾಸಿಗೆ ತಂದೆವು, ಚಟ್ನಿಪುಡಿಯ ಡಬ್ಬಿ, ದೇವರ ಪಟ, ಬಟ್ಟೆ ಒಣಹಾಕುವ ಹಗ್ಗ ಎಲ್ಲ ತಂದೆವು. "ಎಷ್ಟ ಸಹಜ ಕಾಣತೈತಿ!" ಎಂದು ತಾವು ಗುಮಾಸ್ತರಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ಪಡಸಾಲೆಯ ಗೋಡೆಯ ಮೇಲೆ ದೊಡ್ಡ ಫಲಕ ತೂಗುಹಾಕಿಸಿದ್ದಿರಿ: 'ಸುಸಜ್ಜಿತ ವಸತಿ, ಸಂತೃಪ್ತ ವಿದ್ಯಾರ್ಥಿನಿಯರು'. ಸಮಿತಿಯಲ್ಲಿದ್ದ ಹಿರಿಯ ಹೆಂಗಸೊಬ್ಬರು ಮೀನಾಳ ಮಂಚದ ಬಳಿ ನಿಂತರು.

"ಇಲ್ಲೆ ಎಲ್ಲಾ ಅನುಕೂಲ ಅದ ಏನವಾ?"

"ಇವತ್ತ ಎಲ್ಲಾ ಅನುಕೂಲ ಐತ್ರಿ ಮೇಡಂ."

"ಯಾವಾಗ ಬಂದಿ?"

ತಾವು ಕೆಮ್ಮಿದಿರಿ. ಮೀನಾ ಎದ್ದು ನಿಂತು, "ಇವತ್ತ ಬಂದೇನ್ರಿ. ಇನ್ನ ಇಲ್ಲೇ ಇರತೇನಿ," ಎಂದಳು. ತಾವು ಒಡನೆಯೇ ನಡುವೆ ಬಂದು, "ಊರಿಗೆ ಹೋಗಿದ್ದಳು, ಇವತ್ತೇ ಮರಳಿ ಬಂದಿದ್ದಾಳೆ," ಎಂದು ಗ್ರಾಂಥಿಕ ಕನ್ನಡದಲ್ಲಿ ವಿವರಿಸಿದಿರಿ. ಆ ಕೋಣೆಯಲ್ಲಿ ಅಂದು ಒಂದು ಸುಳ್ಳು ಹೇಳಲಾಯಿತು. ಹೇಳಿದವರು ವಿದ್ಯಾರ್ಥಿನಿಯರಲ್ಲ.

ಸಮಿತಿಯ ಕಾರುಗಳು ಹೊರಟವು. ಬಾಡಿಗೆಯ ಕುಂಡಗಳೂ ಹೊರಟವು. ಗುರುನಾಥ ಕಾಕಾ ಕೀಲಿ ಹಿಡಿದು ಬಂದು, "ಅವ್ವಗಳ್ರಾ, ಖಾಲಿ ಮಾಡ್ರಿ," ಎಂದರು. ಐಶ್ವರ್ಯಾ ಕಿಟಕಿಯಿಂದ, "ಹಾಕ್ಕೋರಿ ಕಾಕಾ. ಒಳಗಿನ ಚಿಲಕಾ ನಾವ ಹಾಕ್ಕೊಂಡೇವಿ," ಎಂದಳು. "ನನ್ನ ನೌಕರಿ ಹೊಕ್ಕತಿ ಬೇ," ಎಂದು ಅವರು ನಿಜವಾಗಿಯೂ ಹೆದರಿದರು. ಮೀನಾ ಬಾಗಿಲು ತೆರೆದು ಹೊರಗೆ ಬಂದು, ಅವರಿಗೆ ಕುಡಿಯಲು ನೀರು ಕೊಟ್ಟು, "ನಿಮ್ಮ ತಪ್ಪೇನೂ ಇಲ್ಲ ಕಾಕಾ. ಸಾಹೇಬ್ರಿಗೆ ಹೋಗಿ ಹೇಳ್ರಿ, ಹುಡುಗ್ಯಾರು ಹೊಂದಿಕೊಂಡಾರ ಅಂತ," ಎಂದಳು.

ತಾವೇ ಬಂದಿರಿ. ತಂದೆತಾಯಿಯರನ್ನು ಕರೆಸುತ್ತೇನೆಂದಿರಿ. "ನಮ್ಮ ಅಪ್ಪ ಟ್ರಂಕ್ ಇಳಿಸಿ ಈಗ ಹ್ವಾದಾ ರಿ. ಬಸ್ ಸ್ಟ್ಯಾಂಡಿನ್ಯಾಗ ಇರಬೇಕು," ಎಂದಳು ಮೀನಾ. ಪೊಲೀಸರನ್ನು ಕರೆಸುತ್ತೇನೆಂದಿರಿ. ಆಗ ನಾನು ಗೋಡೆಯ ಮೇಲಿನ ಫಲಕ ತೋರಿಸಿ, "ಕರಸ್ರಿ ಸರ್. ಅವರು ಮೊದಲ ಇದನ್ನ ಓದ್ತಾರ. ನಾವು ಇಲ್ಲಿ ಇರೂದು ತಪ್ಪಂದ್ರ ಸಮಿತಿಗೆ ತೋರ್ಸಿದ್ದು ಸುಳ್ಳು. ತೋರ್ಸಿದ್ದು ಖರೆ ಅಂದ್ರ ನಾವು ಇರೂದು ಸರಿ. ಎರಡರಾಗ ಯಾವ್ದು ಅಂತ ನೀವ ಹೇಳ್ರಿ," ಎಂದೆ. ಹೇಳಿ ಸುಮ್ಮನಾದೆ. ತಾವು ಫಲಕ ನೋಡಿದಿರಿ, ನಮ್ಮನ್ನು ನೋಡಿದಿರಿ, ಗಡಿಯಾರ ನೋಡಿದಿರಿ. ಹೊರಟುಹೋದಿರಿ.

ದಸರಾ ಆಯಿತು. ಬನ್ನಿ ಕೊಟ್ಟು ಬಂದ ಮೀನಾ ಇಲ್ಲಿಯೇ ಇದ್ದಾಳೆ. ಅಪೂರ್ಣವಾಗಿದ್ದ ಪ್ರಯೋಗಗಳನ್ನು ಒಂದೊಂದಾಗಿ ಮುಗಿಸಿದಳು. ಅವಳ ದ್ರಾವಣಗಳು ಈಗ ನಿಧಾನವಾಗಿ ಆರುತ್ತವೆ. ಸವದತ್ತಿಯ ಕಡೆಯ ಇನ್ನೂ ಕೆಲವು ಹುಡುಗಿಯರು ಹಾಸಿಗೆ ತಂದರು. ನಾನೂ ಸುಂದರಾಬಾಯಿಯವರ ಮನೆ ಬಿಟ್ಟು ಬಂದೆ. ಎಲ್ಲವನ್ನೂ ಮರೆತಿದ್ದೀರೆಂದುಕೊಂಡಿದ್ದೆವು. ಹೋದ ಸೋಮವಾರ ಸೂಚನೆ ಬಂತು, ನೀರು ಹೋಯಿತು.

ಆ ಸಂಜೆ ಮೀನಾ ಮನೆಗೆ ಫೋನು ಮಾಡಿದಾಗ ನಿಜಗುಣಪ್ಪನವರು, "ನೀರಿಲ್ಲದ ಕಡೆ ಮಗಳನ್ನ ಹೆಂಗ ಬಿಡೂದು? ನಾಳಿ ಬರತೇನಿ," ಎಂದಷ್ಟೇ ಹೇಳಿ ಇಟ್ಟರು. ಮರುದಿನ ಟೆಂಪೋದ ಸದ್ದು ಕೇಳಿದೊಡನೆ ಮೀನಾ ಹೋಗಿ ತನ್ನ ಟ್ರಂಕಿನ ಮೇಲೆ ಕುಳಿತಳು. ಕೆಳಗೆ ಏನೋ ಉರುಳಿಸುವ ಸದ್ದು. ನಾವು ಇಳಿದುಹೋಗಿ ನೋಡಿದರೆ ನಿಜಗುಣಪ್ಪನವರು ಎರಡು ಹೊಸ ನೀಲಿ ಡ್ರಮ್ಮುಗಳನ್ನು ಇಳಿಸುತ್ತಿದ್ದರು. ಬೆವರು ಒರೆಸಿಕೊಂಡು, ಟೊಪ್ಪಿಗೆ ಸರಿಮಾಡಿಕೊಂಡು ಮಗಳಿಗೆ ಹೇಳಿದರು: "ಕುಂಡರೂದಂದ್ರ ಪೂರಾ ಕುಂಡರಬೇಕು. ಅರ್ಧಾ ಕುಂತ್ರ ಮಂದಿ ಎಬ್ಬಸ್ತಾರ." ಮೀನಾ ಅಂದು ಅತ್ತಳು, ಯಾವ ಸಂಶಯಕ್ಕೂ ಎಡೆಯಿಲ್ಲದಂತೆ. ಅನಿಕೇತ ಮತ್ತು ಅವನ ಗೆಳೆಯರು ಪಕ್ಕದ ಹೊಲದ ಬೋರಿನಿಂದ ನೀರು ತಂದು ಬಾಗಿಲತನಕ ಮುಟ್ಟಿಸಿದರು.

ನನ್ನ ತಂದೆ ಕೃಷ್ಣಾಜಿಯವರು ನವಿಲುತೀರ್ಥದ ನೀರಾವರಿ ಕಚೇರಿಯಲ್ಲಿ ತಲೆ ತಗ್ಗಿಸಿ ದುಡಿದು ನಿವೃತ್ತರಾದವರು. "ಅಧಿಕಾರಿಗಳ ವಿಷಯ ಪೇಪರಿನ್ಯಾಗ ಬರೀಬ್ಯಾಡ. ನಿನಗ ಮುಂದ ನೌಕರಿ ಬೇಕಾಗ್ತದ," ಎಂದಿದ್ದಾರೆ. ಅವರ ಭಯ ಸುಳ್ಳಲ್ಲ. ಆಂತರಿಕ ಅಂಕಗಳು ತಮ್ಮ ಕಪಾಟಿನಲ್ಲಿವೆ ಎಂದು ನನಗೂ ಗೊತ್ತು. ಆದರೆ ನೌಕರಿಯ ದಿನ ಎದುರಿನ ಕುರ್ಚಿಯಲ್ಲಿ ಕುಳಿತವರ ಜೊತೆ ಮಾತಾಡಬೇಕಾದವಳು ನಾನೇ ಅಲ್ಲವೇ? ಅದಕ್ಕೆಂದೇ ಅಲ್ಲವೇ ತಾವು ಕಾರ್ಯಾಗಾರ ಮಾಡಿಸಿದ್ದು? ಇದನ್ನು ನನ್ನ ಅಭ್ಯಾಸಪಾಠವೆಂದು ತಿಳಿದು ತಾವು ಹೆಮ್ಮೆಪಡಬೇಕು.

ಆದ್ದರಿಂದ, ತಪ್ಪು ತಿಳಿಯಬೇಡಿ ಎಂದು ಕೇಳದೆ ಕೇಳುತ್ತಿದ್ದೇನೆ. ಸೂಚನೆಯನ್ನು ಹಿಂತೆಗೆಯಿರಿ. ಮೋಟರು ಹಚ್ಚಿಸಿ. ಮಹಡಿಯ ಮೆಟ್ಟಿಲಿಗೆ ಒಂದು ದೀಪ ಹಾಕಿಸಿ. ನಮ್ಮನ್ನು ನಿವಾಸಿಗಳೆಂದು ಬರೆದುಕೊಂಡು ಉಳಿದ ಕೋಣೆಗಳನ್ನು ರಾಮದುರ್ಗ, ಸವದತ್ತಿ, ಕಿತ್ತೂರಿನ ಕಡೆಯಿಂದ ಇನ್ನೂ ಬಸ್ಸಿನಲ್ಲಿ ಜೋತಾಡಿಕೊಂಡು ಬರುತ್ತಿರುವವರಿಗೆ ತೆರೆಯಿರಿ. ಗುರುನಾಥ ಕಾಕಾನ ನೌಕರಿಗೆ ಕೈಹಾಕಬೇಡಿ. ಇಲ್ಲವೆಂದರೆ ನಾವು ಏನು ಮಾಡುತ್ತೇವೆಂಬುದನ್ನೂ ಯೋಚಿಸಿಟ್ಟುಕೊಂಡಿದ್ದೇವೆ: ಇಲ್ಲಿಯೇ ಇರುತ್ತೇವೆ, ಓದುತ್ತೇವೆ, ಪಾಸಾಗುತ್ತೇವೆ.

ಉದ್ಘಾಟನೆಯನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಅಷ್ಟು ಕ್ರೂರಿಗಳಲ್ಲ. ದೊಡ್ಡ ಸಾಹೇಬರು ಯಾರೆಂದು ಗೊತ್ತಾದ ದಿನ ಅವರನ್ನು ಖಂಡಿತ ಕರೆತನ್ನಿ. ರಿಬ್ಬನ್ ಕಟ್ಟುವುದಕ್ಕೆ ನಾವೇ ಕಂಬ ಹಿಡಿಯುತ್ತೇವೆ, ಕತ್ತರಿಯ ತಟ್ಟೆಯನ್ನೂ ಹಿಡಿಯುತ್ತೇವೆ. ಒಂದು ದಿನ ಮುಂಚಿತವಾಗಿ ಮಾತ್ರ ತಿಳಿಸಿ. ಒಳಗೆ ಬರುವ ಮುನ್ನ ಬಾಗಿಲು ಬಡಿಯಿರಿ, ಹೆಣ್ಣುಮಕ್ಕಳು ವಾಸವಾಗಿರುವ ಮನೆ.

ಇಂತಿ, ತಾವು ಬಿಲ್ಲೆ ಕಿತ್ತುಕೊಂಡ ಆದೇಶ ಇನ್ನೂ ಕೈಸೇರಿಲ್ಲವಾದ್ದರಿಂದ ಸದ್ಯಕ್ಕೆ ಸ್ನೇಹಸೇತು ಸಂಚಾಲಕಿ,
ಸುಚೇತಾ, ಮುನವಳ್ಳಿ